ಬಸ್ಸು ಹತ್ತಿದವರ ಹೆಂಡತಿ

ಮಾನ್ಯ ಓದುಗರಲ್ಲಿ,

ಲಗ್ಗೆರೆಯ ನಿವಾಸಿಯೂ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಮಾಜಿ ಕೆಲಸಗಾರ್ತಿಯೂ ಆದ ನಾನು ಗೌರವಪೂರ್ವಕವಾಗಿ ಮಾಡಿಕೊಳ್ಳುವ ಮೊದಲ ಅರಿಕೆ ಏನೆಂದರೆ, ನನ್ನ ಕೈಬರಹ ಚೆನ್ನಾಗಿಲ್ಲ. ಒತ್ತು, ದೀರ್ಘಗಳಲ್ಲಿ ಎಡವುವುದು ಶಾಲೆಯ ದಿನಗಳಿಂದಲೂ ಇದೆ. ಇದುವರೆಗೆ ನಾನು ಬರೆದಿರುವುದೆಲ್ಲ ಅರ್ಜಿಗಳು. ರಜೆಯ ಅರ್ಜಿ, ನಮ್ಮ ಬೀದಿಗೆ ಕಾವೇರಿ ನೀರು ಬಿಡಬೇಕೆಂಬ ಅರ್ಜಿ, ವಠಾರದವರ ಪಡಿತರ ಚೀಟಿಯ ಅರ್ಜಿ. ಆದ್ದರಿಂದ ಈ ಬರಹದಲ್ಲಿಯೂ ಅರ್ಜಿಯ ಧಾಟಿ ಕಂಡುಬಂದರೆ ದಯವಿಟ್ಟು ಮನ್ನಿಸಬೇಕು. ಬೇರೆ ಧಾಟಿಯನ್ನು ನನಗೆ ಯಾರೂ ಕಲಿಸಿಲ್ಲ.

ವಿಷಯ: ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ಸಿಲೋನ್ ಅಕ್ಕನವರನ್ನು ಕುರಿತು.

ಕಳೆದ ಶನಿವಾರ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದವರು ಯಾರೋ ಖಾರದ ಪುಡಿ ಮಾಡಿಸಿಕೊಂಡು ಹೋಗಿದ್ದರು. ಕೊತ್ತಂಬರಿ ಬೀಜ, ಸೋಂಪು, ಒಣಮೆಣಸಿನಕಾಯಿಗಳನ್ನು ಕಪ್ಪಾಗುವ ತನಕ ಹುರಿದು ಬೀಸಿದರೆ ಬರುವ ವಾಸನೆ ಅದು. ಗಿರಣಿಯವನು ನನ್ನ ಮುಖ ನೋಡಿ, “ಸೀದಿರೋ ವಾಸ್ನೆ ನಮ್ ಮಿಷಿನ್‌ದಲ್ಲ ಅಕ್ಕಾ, ಅವ್ರು ಹುರಿದಿದ್ದೇ ಹಂಗೆ. ನಿಮ್ ಜೋಳಕ್ಕೆ ಏನೂ ಹತ್ತಲ್ಲ, ಕೊಡಿ” ಎಂದನು. ನಾನು ಜೋಳದ ಚೀಲವನ್ನು ಕೈಯಲ್ಲಿಯೇ ಹಿಡಿದು ನಿಂತಿದ್ದೆ. ಹತ್ತು ವರ್ಷಗಳ ಹಿಂದೆ ಪ್ರತಿ ಭಾನುವಾರ ಬೆಳಿಗ್ಗೆ ಇದೇ ವಾಸನೆ ನಮ್ಮ ಅಂಗಳವನ್ನು ತುಂಬುತ್ತಿತ್ತು, ಆರು ಮನೆಯವರೂ ಕೆಮ್ಮುತ್ತಿದ್ದೆವು...

ನಮ್ಮ ವಠಾರದಲ್ಲಿ ಆರು ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಮುಂದಿನ ಮನೆಯಲ್ಲಿ ಓನರ್ ಅಮ್ಮ ಇದ್ದರು. ಮಾಗಡಿ ಕಡೆಯವರು, ಬಾಯಿ ಜೋರು, ಮನಸ್ಸು ಮೆದು. ನಾವು ಕೊಪ್ಪಳದ ಕಡೆಯಿಂದ ಬಂದವರು. ನಮ್ಮ ಯಜಮಾನರು ಪೀಣ್ಯದ ಲೇತ್ ವರ್ಕ್‌ಶಾಪ್ ಒಂದರಲ್ಲಿ ಇದ್ದರು, ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಕೆಲಸದಲ್ಲಿದ್ದೆ. ಪಕ್ಕದ ಒಂಟಿ ಕೋಣೆಗೆ ಸದರಿ ಅಕ್ಕ ಬಂದರು. ನನ್ನದೇ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವ ಟೈಲರ್. ಶ್ರೀಲಂಕಾದ ಉತ್ತರ ಭಾಗದವರಾದ್ದರಿಂದ ಎಲ್ಲರೂ ಸಿಲೋನ್ ಅಕ್ಕ ಎಂದೇ ಕರೆದೆವು. ಅಲ್ಲಿ ಯುದ್ಧ ಮತ್ತೆ ಆರಂಭವಾದಾಗ ನಾದಿನಿಯ ಸಂಸಾರದೊಂದಿಗೆ ದೋಣಿಯಲ್ಲಿ ರಾಮೇಶ್ವರಕ್ಕೆ ಬಂದು, ತಮಿಳುನಾಡಿನ ನಿರಾಶ್ರಿತರ ಕ್ಯಾಂಪಿನಲ್ಲಿದ್ದು, ಅಲ್ಲಿಂದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದರು. ತಿಂಗಳಿಗೊಮ್ಮೆ ಕ್ಯಾಂಪಿಗೆ ಹೋಗಿ ಹಾಜರಿ ಹಾಕಿ ಹಿಂದಿರುಗುತ್ತಿದ್ದರು.

ಅವರ ಯಜಮಾನರು ಊರಿನಲ್ಲಿಯೇ ಉಳಿದಿದ್ದರು. ಹಾಸಿಗೆ ಹಿಡಿದಿದ್ದ ತಾಯಿಯನ್ನು ದೋಣಿಗೆ ಹತ್ತಿಸಲು ಸಾಧ್ಯವಿರಲಿಲ್ಲವಂತೆ. “ಅಮ್ಮನ ಕಾಲ ಆದ್ಮೇಲೆ ಬರ್ತೀನಿ, ನೀ ಮುಂದೆ ಹೋಗು ಅಂದ್ರು,” ಎಂದು ಅಕ್ಕ ಹೇಳುತ್ತಿದ್ದರು. ಒಬ್ಬ ತಾಯಿಯ ಸಾವನ್ನು ಕಾಯುವ ಮಾತು ಅದು ಎಂದು ಅವರಿಗೇ ಅನ್ನಿಸಿ, ಆ ಮಾತಿನ ನಂತರ ಪ್ರತಿ ಸಲವೂ ಕೆನ್ನೆ ತಟ್ಟಿಕೊಳ್ಳುತ್ತಿದ್ದರು.

ಏನು ಕೇಳಿದರೂ ಹೌದು ಎನ್ನಲು ಅವರು “ಓಂ” ಎನ್ನುತ್ತಿದ್ದರು. ಅವರ ಕಡೆಯ ತಮಿಳಿನಲ್ಲಿ ಹಾಗೆಯೇ ಹೇಳುವುದಂತೆ. ಓನರ್ ಅಮ್ಮನಿಗೆ ಇದು ಬಹಳ ದಿನ ತಿಳಿಯಲಿಲ್ಲ. “ನೀರು ಇಡ್ಕಂಡ್ಯಾ ಅಂದ್ರೂ ಓಂ ಅಂತಾಳೆ ಕಣವ್ವ. ಇಂಥ ಭಕ್ತಿ ನಮ್ ಮಠದ ಸ್ವಾಮಿಗೂ ಇಲ್ಲ,” ಎಂದು ನನ್ನ ಬಳಿ ಹೊಗಳಿದ್ದರು. ಭಾನುವಾರದ ಹುರಿಯುವ ಘಾಟಿಗೆ ಮಾತ್ರ ಆ ಭಕ್ತಿಯನ್ನೂ ಮರೆತು, “ಏನವ್ವಾ, ನಿಮ್ ದ್ವೀಪದೋರ್ಗೆ ದೇವ್ರು ಮೂಗು ಕೊಟ್ಟಿಲ್ವಾ?” ಎಂದು ಕೂಗುತ್ತಿದ್ದರು. ಅಕ್ಕ ಒಳಗಿನಿಂದಲೇ “ಓಂ ಅಮ್ಮಾ” ಎನ್ನುತ್ತಿದ್ದರು. ಮಧ್ಯಾಹ್ನ ಅದೇ ಪುಡಿ ಹಾಕಿದ ಬದನೆಕಾಯಿಯ ಗೊಜ್ಜು ಆರು ಮನೆಗೂ ಬರುತ್ತಿತ್ತು. ನಮ್ಮ ಯಜಮಾನರು ಅದಕ್ಕಾಗಿಯೇ ಭಾನುವಾರ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು.

ಇಲ್ಲಿ ಒಂದು ಪದ್ಧತಿಯನ್ನು ವಿವರಿಸುವುದು ಅಗತ್ಯ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬವನ್ನು ಓನರ್ ಅಮ್ಮ ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು. ನಮ್ಮ ಊರಿನ ಕಡೆ ಪಂಚಮಿಯೇ ದೊಡ್ಡದು, ಈ ಹಬ್ಬವನ್ನು ನಾನು ಇಲ್ಲಿಗೆ ಬಂದ ಮೇಲೆಯೇ ಕಂಡದ್ದು. ಸಂಜೆ ವಠಾರದ ಮುತ್ತೈದೆಯರನ್ನೆಲ್ಲ ಕರೆದು ಅರಿಶಿನ ಕುಂಕುಮ, ತಾಂಬೂಲ ಕೊಡುತ್ತಿದ್ದರು. ಯಾರಿಗೆ ಮೊದಲು ಎಂಬುದಕ್ಕೆ ಅವರ ತಾಯಿಯ ಮನೆಯಿಂದ ಬಂದ ಒಂದು ಕ್ರಮವಿತ್ತು. ಆ ವರ್ಷ ಯಾರ ಗಂಡನಿಗೆ ಬಂದ ಕಂಟಕ ಕಳೆದು ಆತ ಮನೆ ಸೇರಿದ್ದಾನೆಯೋ, ಆಕೆಗೆ ಮೊದಲ ಕುಂಕುಮ. ಅಕ್ಕ ಬಂದ ವರ್ಷ ಅದು ನನಗೆ ಬಂದಿತ್ತು. ನಮ್ಮ ಯಜಮಾನರು ಕಾಮಾಲೆಯಿಂದ ಆಸ್ಪತ್ರೆ ಸೇರಿ, ಉಳಿಯುವುದು ಕಷ್ಟ ಎನ್ನಿಸಿಕೊಂಡು, ಉಳಿದು ಬಂದಿದ್ದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಕ್ಕ, “ತಂಗಚ್ಚಿಗೆ ಯಾಕೆ ಮೊದಲು?” ಎಂದು ಕೇಳಿದರು. ತಂಗಚ್ಚಿ ಎಂದರೆ ಅವರಲ್ಲಿ ತಂಗಿ. ಓನರ್ ಅಮ್ಮ ಕಾರಣವನ್ನು ಬಿಡಿಸಿ ಹೇಳಿದರು. ಅಕ್ಕ ಬಹಳ ಗಮನವಿಟ್ಟು ಕೇಳಿಸಿಕೊಂಡರು. ನಂತರ ನನ್ನ ಕಿವಿಯಲ್ಲಿ, “ನಮ್ಮೋರು ಬಂದ ವರ್ಷ ನಂಗೆ. ಆಗ ನೀ ಹೊಟ್ಟೆಕಿಚ್ಚು ಪಡಬಾರ್ದು,” ಎಂದು ನಕ್ಕರು.

ಆಗ ಅವರ ಯಜಮಾನರ ಫೋನು ಬರುತ್ತಿತ್ತು. ವಾರಕ್ಕೊಮ್ಮೆ ಅಲ್ಲಿಂದ ಸೈಕಲ್ಲಿನಲ್ಲಿ ದೂರದ ಅಂಗಡಿಗೆ ಬಂದು ಮಾತನಾಡುತ್ತಿದ್ದರಂತೆ. ಅಕ್ಕ ಫೋನಿನಲ್ಲಿ ಬಹಳ ಮಾತನಾಡುತ್ತಿರಲಿಲ್ಲ. ಓಂ, ಓಂ, ಓಂ ಎನ್ನುತ್ತ ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. ಮರುವರ್ಷದ ಆರಂಭದಲ್ಲಿ ಅವರ ಊರಿನ ಹತ್ತಿರದ ಪಟ್ಟಣ ಸೈನ್ಯದ ವಶವಾಯಿತು ಎಂಬ ಸುದ್ದಿ ಬಂದಿತು. ಅನಂತರ ಫೋನು ಬರಲಿಲ್ಲ...

ಟೀವಿ ಇದ್ದದ್ದು ಓನರ್ ಅಮ್ಮನ ಮನೆಯಲ್ಲಿ. ತಮಿಳು ಸುದ್ದಿಯ ಹೊತ್ತಿಗೆ ಸರಿಯಾಗಿ ಅವರ ಧಾರಾವಾಹಿ. ಅಕ್ಕ ಹೊಸ್ತಿಲ ಆಚೆ ನಿಂತಿರುವುದನ್ನು ಕಂಡ ದಿನವೇ ಅವರು ರಿಮೋಟನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟರು. “ನನ್ ಸೀರಿಯಲ್ ಎಲ್ಗೂ ಓಡೋಗಲ್ಲ. ಆ ಅತ್ತೆ ಸೊಸೆ ನಾಳೆನೂ ಕಚ್ಚಾಡ್ತವೆ. ನೀನ್ ನೋಡವ್ವ.” ಅಂದಿನಿಂದ ನಾವೂ ಹೋಗಿ ಕೂರುತ್ತಿದ್ದೆವು. ಭಾಷೆ ನಮಗೆ ಅರ್ಧ ತಿಳಿಯುತ್ತಿತ್ತು. ಆದರೆ ಸುದ್ದಿಯಲ್ಲಿ ತೋರಿಸುತ್ತಿದ್ದ ನಕಾಶೆಗೆ ಭಾಷೆ ಬೇಕಿರಲಿಲ್ಲ. ದ್ವೀಪದ ಮೇಲ್ಭಾಗದಲ್ಲಿ ಬೇರೆ ಬಣ್ಣದ ಒಂದು ತುಂಡು. ಪ್ರತಿ ವಾರವೂ ಅದು ಅಂಚಿನಿಂದ ಮುರಿದು ತಿಂದ ರೊಟ್ಟಿಯಂತೆ ಚಿಕ್ಕದಾಗುತ್ತಿತ್ತು. ಕೊನೆಗೆ ಸಮುದ್ರದ ಪಕ್ಕದ ಒಂದು ಚೂರು ಮಾತ್ರ ಉಳಿಯಿತು. ಅಷ್ಟು ಜನರೂ ಆ ಚೂರಿನ ಮೇಲೆಯೇ ಇದ್ದಾರೆ ಎಂದರು.

“ಅದ್ರಾಗ ಮಂದಿ ಹೆಂಗ ಹಿಡೀತಾರ್ರೀ ಅಕ್ಕಾರ?” ಎಂದು ನಮ್ಮ ಯಜಮಾನರು ಕೇಳಿಬಿಟ್ಟರು. ಕೇಳಿದ ಮೇಲೆ ತಲೆ ತಗ್ಗಿಸಿದರು. ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಮರಳಲ್ಲಿ ಗುಂಡಿ ತೋಡಿ ಕೂತಿರ್ತಾರೆ ಅಣ್ಣ. ಒಬ್ಬರ ಮೇಲೆ ಒಬ್ಬರು.”

ಓನರ್ ಅಮ್ಮನ ತಮ್ಮನೊಬ್ಬ ಆಗಾಗ ಬಾಡಿಗೆ ವಸೂಲಿಗೆ ಬರುತ್ತಿದ್ದನು. ಅವನು ಒಂದು ದಿನ, “ಏನಮ್ಮಾ, ನಿಮ್ ಯಜಮಾನ್ರು ಹುಲಿಗಳ ಕಡೆಯೋರಾ?” ಎಂದು ನೇರವಾಗಿ ಕೇಳಿದನು. ಅಕ್ಕ ಕೋಪಗೊಳ್ಳಲಿಲ್ಲ. “ಟ್ರಾಕ್ಟರ್ ಕಡೆಯೋರು ಸಾರ್,” ಎಂದರು. “ಟ್ರಾಕ್ಟರ್ ಓಡಿಸ್ತಿದ್ರು. ಅಲ್ಲಿ ಬಂದೂಕು ಇಟ್ಕೊಂಡೋನು ಹತ್ತಿ ಓಡಿಸು ಅಂದ್ರೆ ಓಡಿಸ್ಬೇಕು.” ಓನರ್ ಅಮ್ಮ ತಮ್ಮನಿಗೆ, “ಬಾಡ್ಗೆ ಇಸ್ಕಂಡಾಯ್ತಲ್ಲ, ನಡಿ ಅತ್ಲಾಗೆ,” ಎಂದು ಗದರಿದರು.

ಕಾರ್ಖಾನೆಯ ನಿಯಮದ ಪ್ರಕಾರ ಮೊಬೈಲುಗಳನ್ನು ಗೇಟಿನಲ್ಲಿ ಸೆಕ್ಯೂರಿಟಿಯವರ ಬಳಿ ಒಪ್ಪಿಸಿ ಒಳಗೆ ಹೋಗಬೇಕು. ಏಪ್ರಿಲ್ ಕಳೆಯುವ ಹೊತ್ತಿಗೆ ಒಂದು ದಿನ ಕೆಲಸ ಮುಗಿದು ಫೋನು ತೆಗೆದುಕೊಂಡಾಗ ಅಕ್ಕನ ಫೋನಿನಲ್ಲಿ ಒಂದು ಮಿಸ್ಡ್ ಕಾಲ್ ಇತ್ತು. ಉದ್ದನೆಯ, ಗುರುತಿಲ್ಲದ ಸಂಖ್ಯೆ. ನಾವು ಕಾಲರಿನ ಬ್ಯಾಚು ಮುಗಿಸುವ ಗಡಿಬಿಡಿಯಲ್ಲಿದ್ದ ವೇಳೆ ಬಂದದ್ದು. ಅಕ್ಕ ಗೇಟಿನ ಬಳಿಯೇ ನಿಂತು ತಿರುಗಿ ಒತ್ತಿದರು. ಮತ್ತೆ ಒತ್ತಿದರು. ಶಿಫ್ಟ್ ಬಿಟ್ಟ ಹೆಂಗಸರೆಲ್ಲ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಒಂದು ಹೆಣ್ಣು ದನಿ, ಈ ಸಂಖ್ಯೆ ಸಂಪರ್ಕದಲ್ಲಿಲ್ಲ ಎಂದು ಎರಡು ಭಾಷೆಗಳಲ್ಲಿ ಹೇಳುತ್ತಿತ್ತಂತೆ. ಅದರಲ್ಲಿ ಒಂದು ಅಕ್ಕನದೇ ಭಾಷೆ. “ನಮ್ಮ ಮಾತಲ್ಲೇ ಇಲ್ಲ ಅಂತಾಳೆ ತಂಗಚ್ಚಿ,” ಎಂದರು. ಮರುದಿನವೇ ಅವರು ಕ್ಯಾಂಪಿನ ನಾದಿನಿಗೂ, ಪರಿಚಯದವರೆಲ್ಲರಿಗೂ ಓನರ್ ಅಮ್ಮನ ಮನೆಯ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಕೊಟ್ಟರು. ಅಂದಿನಿಂದ ಓನರ್ ಅಮ್ಮ ಹಗಲು ಮನೆ ಬಿಟ್ಟು ತರಕಾರಿಗೂ ಹೋಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ನಮ್ಮ ಲೋಕಸಭಾ ಚುನಾವಣೆಯ ಎಣಿಕೆ ನಡೆಯಿತು. ಸಂಜೆ ಗೆದ್ದವರ ಕಡೆಯವರು ಬೀದಿಯ ಮೂಲೆಯಲ್ಲಿ ಪಟಾಕಿಯ ಸರ ಹಚ್ಚಿದರು. ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಅಕ್ಕ ಕೊಡವನ್ನು ಬಿಟ್ಟು ಸಂಪಿನ ಕಟ್ಟೆಯ ಹಿಂದೆ ಮುಖ ಕೆಳಗಾಗಿ ಮಲಗಿಬಿಟ್ಟರು. ಎರಡು ಕೈಗಳೂ ತಲೆಯ ಮೇಲೆ. ಸರ ಪೂರ್ತಿ ಸುಟ್ಟು ಮುಗಿಯುವವರೆಗೆ ಏಳಲಿಲ್ಲ. ಎದ್ದ ಮೇಲೆ ಒದ್ದೆ ಸೀರೆಯನ್ನು ಹಿಂಡಿಕೊಳ್ಳುತ್ತ, “ಯಾರು ಗೆದ್ರು?” ಎಂದು ಕೇಳಿ ನಗಲು ಪ್ರಯತ್ನಿಸಿದರು. ಅದಾದ ಎರಡು ಮೂರು ದಿನಗಳಲ್ಲಿಯೇ ಅಲ್ಲಿಯ ಯುದ್ಧ ಮುಗಿಯಿತೆಂದು ಟೀವಿಯಲ್ಲಿ ಬಂದಿತು. ಅಲ್ಲಿಯ ರಾಜಧಾನಿಯಲ್ಲಿ ಜನರು ಬಾವುಟ ಹಿಡಿದು ಕುಣಿಯುತ್ತಿದ್ದರು, ಅಲ್ಲಿಯೂ ಪಟಾಕಿ.

ಓನರ್ ಅಮ್ಮ ಧೈರ್ಯ ತುಂಬುವವರಂತೆ, “ಮುಗೀತು ಅಂದ್ರೆ ಒಳ್ಳೇದೇ ಅಲ್ವೇನವ್ವ? ಇನ್ನು ದಾರಿ ಬಿಡ್ತಾರೆ, ಫೋನ್ ಬತ್ತದೆ,” ಎಂದರು.

“ಓಂ,” ಎಂದರು ಅಕ್ಕ.

ಬದುಕುಳಿದವರನ್ನು ಮುಳ್ಳುತಂತಿಯ ಹಿಂದೆ ಇರಿಸಿದ್ದಾರೆಂದೂ, ಒಬ್ಬರನ್ನೊಬ್ಬರು ಹುಡುಕುತ್ತಿದ್ದಾರೆಂದೂ ಕೇಳಿದೆವು. ಕೆಲವು ವಾರಗಳ ಬಳಿಕ ಒಂದು ಭಾನುವಾರ, ಹುರಿಯುವ ಬಾಣಲೆ ಒಲೆಯ ಮೇಲಿದ್ದಾಗಲೇ ಅಕ್ಕನಿಗೆ ಫೋನು ಬಂದಿತು. ಅವರ ಊರಿನವರೇ ಒಬ್ಬರು, ಅಲ್ಲಿಯ ಶಿಬಿರದಿಂದ ಯಾರದೋ ಫೋನಿನಲ್ಲಿ ಗುಟ್ಟಾಗಿ ಮಾತನಾಡಿದ್ದು. ಮಾತು ಬಹಳ ಹೊತ್ತು ನಡೆಯಲಿಲ್ಲ. ಬಾಣಲೆಯಲ್ಲಿದ್ದದ್ದು ನಿಜವಾಗಿಯೂ ಸೀದು ಹೋಯಿತು. ನಾನು ಓಡಿ ಒಲೆ ಆರಿಸಿದೆ.

ತಾಯಿ ಗುಂಡಿಯಲ್ಲಿಯೇ ತೀರಿಕೊಂಡರಂತೆ. ಮಗ ಅಲ್ಲಿಯೇ ಮರಳು ಮುಚ್ಚಿ ಬಂದರಂತೆ. ಕೊನೆಯ ದಿನ ಜನರೆಲ್ಲ ಸೈನ್ಯದ ಕಡೆಗೆ ನಡೆದು ಬಂದಾಗ, ಒಂದು ದಿನವಾದರೂ ಹೋರಾಟಗಾರರ ಕೆಲಸ ಮಾಡಿದವರು ಬೇರೆಯಾಗಿ ನಿಲ್ಲಬೇಕು, ವಿಚಾರಣೆ ಮಾಡಿ ಬಿಡುತ್ತೇವೆ ಎಂದು ಕೂಗಿ ಹೇಳಿದರಂತೆ. ಸುಳ್ಳು ಹೇಳಲು ಬಾರದ ಮನುಷ್ಯ. ಟ್ರಾಕ್ಟರ್ ಓಡಿಸಿದ್ದೇನೆ ಎಂದು ಹೇಳಿ ಆ ಸಾಲಿಗೆ ಹೋಗಿ ನಿಂತರಂತೆ. ಆ ಸಾಲನ್ನು ಬಸ್ಸುಗಳಿಗೆ ಹತ್ತಿಸಿದರು. ಅವರು ಕಿಟಕಿಯ ಪಕ್ಕ ಕುಳಿತದ್ದನ್ನು ಫೋನು ಮಾಡಿದವರು ಕಣ್ಣಾರೆ ಕಂಡಿದ್ದರು. ಬಸ್ಸು ಹೊರಟಿತು.

ಇಷ್ಟೇ. ಇದಕ್ಕಿಂತ ಹೆಚ್ಚಿನದು ಅಂದಿನಿಂದ ಇಂದಿನವರೆಗೆ ಯಾರಿಂದಲೂ ತಿಳಿದುಬಂದಿಲ್ಲ.

ಆ ಮಧ್ಯಾಹ್ನ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ಕುಳಿತು ನಮ್ಮ ಯಜಮಾನರನ್ನು ಕೇಳಿದರು. ಗಂಡಸು, ಬಸ್ಸು ಲಾರಿಗಳ ಬಗ್ಗೆ ತಿಳಿದವರು ಎಂಬ ಭಾವನೆಯಿಂದಲೋ ಏನೋ.

“ಅಣ್ಣ, ಬಸ್ ಹೊರಟಿತು ಅಂದ್ರೆ ಎಲ್ಲೋ ಒಂದು ಕಡೆ ನಿಲ್ಬೇಕಲ್ವಾ?”

“ಹೌದ್ರಿ ಅಕ್ಕಾರ.”

“ನಿಂತ್ರೆ ಇಳೀಬೇಕು.”

“ಇಳೀಬೇಕ್ರಿ...”

“ಮತ್ತೆ?”

ನಮ್ಮ ಯಜಮಾನರು ಲೇತಿನ ಮುಂದೆ ಎಂತಹ ಗಟ್ಟಿ ಕಬ್ಬಿಣಕ್ಕೂ ಹೆದರದವರು. ಅಂದು ರೊಟ್ಟಿ ಮುರಿದ ಕೈಯನ್ನು ತಟ್ಟೆಯಲ್ಲಿಯೇ ಇಟ್ಟುಕೊಂಡು, ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಶ್ರಾವಣ ಬಂದಿತು. ಹಬ್ಬದ ಹಿಂದಿನ ದಿನ ಓನರ್ ಅಮ್ಮ ವೀಳ್ಯದೆಲೆ ಒರೆಸಲು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿಕೊಂಡರು.

“ಅವ್ಳುನ್ನ ಕರೀಲೋ ಬ್ಯಾಡ್ವೋ?”

ನಾನು ಎಲೆ ಒರೆಸುವುದನ್ನು ನಿಲ್ಲಿಸಿದೆ.

“ಇರೋ ಗಂಡನ ಎಂಡ್ರುನ್ನ ಕರೀದೆ ಇದ್ರೆ ಅವುನ್ನ ನಾವೇ ಸಾಯ್ಸಿದಂಗೆ. ಇಲ್ದಿರೋ ಗಂಡನ ಎಂಡ್ರುನ್ನ ಕರುದ್ರೆ ಶಾಸ್ತ್ರ ಕೆಡ್ತದೆ. ನೀನು ಅರ್ಜಿ ಗಿರ್ಜಿ ಬರೆಯೋಳು, ನಾಕಕ್ಷರ ಕಲ್ತೋಳು. ಏಳವ್ವ.”

“ನನಗ ತಿಳೀವಲ್ದು ಅಮ್ಮಾ.”

“ನಿಂಗೂ ತಿಳೀದು, ನಂಗೂ ತಿಳೀದು. ಆ ಬಸ್ ಡ್ರೈವರ್ ಮುಂಡೇಮಗನ್ಗೆ ಮಾತ್ರ ತಿಳ್ದದೆ.” ಎಲೆಗಳನ್ನು ಎರಡೆರಡಾಗಿ ಜೋಡಿಸಿದರು. ಆಮೇಲೆ ಏನೋ ತೀರ್ಮಾನಕ್ಕೆ ಬಂದವರಂತೆ ಬೆನ್ನು ನೆಟ್ಟಗೆ ಮಾಡಿದರು. “ಕರೀತೀನಿ. ಕರೆಯೋದೇನು, ಮೊದಲ್ನೇ ಕುಂಕ್ಮ ಅವ್ಳಿಗೇ ಕೊಡ್ತೀನಿ. ಕೊಟ್ಮೇಲೆ ತಾಯಿ ಲಕ್ಷ್ಮಿಗೂ ನಾಚ್ಕೆ ಆಯ್ತದೆ, ಕಾಯ್ಲೇಬೇಕಾಯ್ತದೆ.”

ಆ ಮಾತು ನನಗೆ ಬಹಳ ಹಿಡಿಸಿತು. ವಠಾರದ ಇತರ ಹೆಂಗಸರಿಗೂ ಹಿಡಿಸಿತು. ನಮ್ಮ ಕೈಯಲ್ಲಿ ಆಗುವ ಏನೋ ಒಂದು ಕೊನೆಗೂ ಸಿಕ್ಕಿತು ಎಂಬ ಸಮಾಧಾನ ಎಲ್ಲರಿಗೂ ಆಯಿತು. ಅಕ್ಕನಿಗೆ ಮುಂಚೆಯೇ ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಸಂಜೆ ಕಲಶದ ಮುಂದೆ ಚಾಪೆ ಹಾಸಿ ನಾವೆಲ್ಲ ಕುಳಿತೆವು. ಅಕ್ಕ ಕಾರ್ಖಾನೆಯಿಂದ ಬಂದು, ಮುಖ ತೊಳೆದು, ನೀಲಿ ಸೀರೆ ಉಟ್ಟು, ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಕುಳಿತರು. ಕರೆದದ್ದೇ ಹೆಚ್ಚು ಎಂಬಂತೆ ಕುಳಿತಿದ್ದರು. ಓನರ್ ಅಮ್ಮ ಹರಿವಾಣ ಹಿಡಿದು ನಮ್ಮನ್ನೆಲ್ಲ ದಾಟಿ ನೇರವಾಗಿ ಅವರ ಬಳಿಗೆ ಹೋದರು. “ತಗೋ ತಾಯಿ, ಮೊದ್ಲು ನಿಂದು.”

ಅಕ್ಕ ಕುಂಕುಮದ ಕಡೆಗೆ ಕೈ ಚಾಚಿದವರು ಹಾಗೆಯೇ ತಡೆದರು. ಅವರ ಮುಖದಲ್ಲಿ ಆಗ ಬಂದದ್ದನ್ನು ನಾನು ಹೇಗೆ ಬರೆಯಬೇಕೋ ತಿಳಿಯದು. ಒಳಗಿನಿಂದ ದೀಪ ಹಿಡಿದು ಯಾರೋ ಎದ್ದು ಬಂದಂತೆ... ಅವರು ಹರಿವಾಣದ ಜೊತೆಗೆ ಓನರ್ ಅಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡರು.

“ಫೋನ್ ಬಂತಾ ಅಮ್ಮಾ?”

ಓನರ್ ಅಮ್ಮ ಹರಿವಾಣ ಓರೆಯಾಗದಂತೆ ಹಿಡಿದುಕೊಂಡರು.

“ನಿಮ್ಮ ಫೋನಿಗೆ ಬಂತಾ? ನಾ ಕೆಲಸದಲ್ಲಿ ಇದ್ದಾಗ ಬಂತಾ? ಏನಂದ್ರು? ಅವರೇ ಮಾತಾಡಿದ್ರಾ?”

ನಮಗೆ ಆಗ ಹೊಳೆಯಿತು. ಹಿಂದಿನ ವರ್ಷ ಮೊದಲ ಕುಂಕುಮದ ಕಾರಣವನ್ನು ಅವರಿಗೆ ತಿಳಿಸಿ ಹೇಳಿದವರು ನಾವೇ. ಕಂಟಕ ಕಳೆದು ಗಂಡ ಮನೆ ಸೇರಿದವಳಿಗೆ ಮೊದಲು. ನಾವು ಬೇಡಿಕೆಯಾಗಿ ಕೊಟ್ಟದ್ದನ್ನು ಅವರು ಸುದ್ದಿಯಾಗಿ ತೆಗೆದುಕೊಂಡಿದ್ದರು.

“ಇಲ್ಲ ಕಣವ್ವ,” ಎಂದರು ಓನರ್ ಅಮ್ಮ. ಅಷ್ಟು ಮೆಲ್ಲನೆಯ ದನಿ ಅವರಿಗಿದೆ ಎಂದು ನಾನು ಅದುವರೆಗೆ ಅರಿತಿರಲಿಲ್ಲ. “ಫೋನ್ ಬಂದಿಲ್ಲ. ಬರ್ಲಿ ಅಂತ...”

ಅಕ್ಕ ಕೈಗಳನ್ನು ಬಿಟ್ಟರು. ಬಹಳ ನಿಧಾನವಾಗಿ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ಹಣೆಗೆ ಇಟ್ಟುಕೊಂಡರು. ತಾಂಬೂಲವನ್ನು ಸೆರಗಿನಲ್ಲಿ ಸ್ವೀಕರಿಸಿದರು. ಬಗ್ಗಿ ಓನರ್ ಅಮ್ಮನ ಕಾಲು ಮುಟ್ಟಿದರು. “ಪರವಾಗಿಲ್ಲ ಅಮ್ಮಾ. ನೀವು ಒಳ್ಳೇದಕ್ಕೇ ಮಾಡಿದ್ರಿ,” ಎಂದರು. ನಂತರ ಉಳಿದ ಎಲ್ಲರಿಗೂ ಕುಂಕುಮ ಕೊಟ್ಟು ಮುಗಿಯುವವರೆಗೆ ಎದ್ದು ಹೋಗದೆ ಕುಳಿತಿದ್ದರು. ನಾವು ಅತ್ತಿದ್ದರೆ ಅವರೇ ನಮ್ಮನ್ನು ಸಂತೈಸಬೇಕಾಗಿ ಬರುತ್ತಿತ್ತು. ಆದ್ದರಿಂದ ಯಾರೂ ಅಳಲಿಲ್ಲ.

ಮರುದಿನ ಅವರು ನನ್ನ ಬಳಿಗೆ ಬಂದು, “ತಂಗಚ್ಚಿ, ಒಂದು ಅರ್ಜಿ ಬರೆದುಕೊಡು,” ಎಂದರು. ನೀರಿನವರಿಗೆ, ಪಡಿತರದವರಿಗೆ ನಾನು ಬರೆದ ಅರ್ಜಿಗಳಿಂದ ಕೆಲಸ ಆದದ್ದನ್ನು ಅವರು ನೋಡಿದ್ದರು. ನಾನು ಗೆರೆಯ ಹಾಳೆ ತೆಗೆದುಕೊಂಡು ಕುಳಿತೆ. ಇವರಿಂದ ಎಂಬಲ್ಲಿ ಅವರ ಹೆಸರು, ವಿಳಾಸ ಬರೆದೆ. ಇವರಿಗೆ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

“ಯಾರಿಗೆ ಅಂತ ಬರೀಲಿ ಅಕ್ಕಾ?”

ಅವರು ಯೋಚಿಸಿದರು. ಆ ದೇಶದವರಿಗೆ ಬರೆಯೋಣವೇ? ವಿಚಾರಿಸಿ ಬಿಡುತ್ತೇವೆಂದು ಹೇಳಿ ಬಸ್ಸು ಹತ್ತಿಸಿದವರೇ ಅವರು. ನಮ್ಮ ಪೊಲೀಸ್ ಠಾಣೆಗೆ ಕೊಡೋಣವೇ? ನಮ್ಮ ಯಜಮಾನರು ಹೋಗಿ ವಿಚಾರಿಸಿ ಬಂದರು. ಅಲ್ಲಿದ್ದ ಪೇದೆ ಒಳ್ಳೆಯ ಮಾತಿನಲ್ಲಿಯೇ, “ನಮ್ ಲಿಮಿಟ್ಸ್‌ಗೆ ಬರಲ್ಲ ಗುರು. ಎಲ್ಲಿ ಕಾಣೆ ಆಗಿದಾರೋ ಆ ಸ್ಟೇಷನ್‌ನಲ್ಲೇ ಕೊಡ್ಬೇಕು,” ಎಂದಿದ್ದನಂತೆ. ಇದನ್ನು ಕೇಳಿ ಅಕ್ಕ ನಿಜವಾಗಿಯೂ ನಕ್ಕರು. “ಅಲ್ಲಿ ಸ್ಟೇಷನ್ ಇತ್ತು. ಈಗ ಗೋಡೆನೂ ಇಲ್ಲ.” ಆ ಹಾಳೆಯನ್ನು ನನ್ನಿಂದ ಪೂರ್ತಿ ಮಾಡಲಾಗಲಿಲ್ಲ.

ಮುಂದಿನ ವರ್ಷ, ಕ್ಯಾಂಪಿನವರು ಇಚ್ಛಿಸಿದಲ್ಲಿ ಹಿಂದಿರುಗಬಹುದೆಂಬ ಏರ್ಪಾಡಾದಾಗ ಅಕ್ಕ ಹೊರಟರು. ಹೋಗಬೇಡಿರೆಂದು ನಾವು ಹೇಳಿದೆವು. “ಬಿಟ್ಟು ಬಂದ ಜಾಗಕ್ಕೇ ಅಲ್ವಾ ಹುಡುಕ್ಕೊಂಡು ಬರೋದು? ಲಗ್ಗೆರೆ ಅವರಿಗೆ ಹೇಗೆ ಗೊತ್ತಾಗುತ್ತೆ?” ಎಂದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವ ಮುನ್ನ ಅವರು ಕಂಡಕ್ಟರನ್ನು ಎಲ್ಲೆಲ್ಲಿ ನಿಲ್ಲುತ್ತದೆ, ಕೊನೆಯ ನಿಲ್ದಾಣ ಯಾವುದು ಎಂದು ಎರಡೆರಡು ಸಲ ಕೇಳಿದರು. ಅವನು ಬೇಸರಪಟ್ಟು, “ಬೋರ್ಡಲ್ಲಿ ಬರ್ದಿದೆ ನೋಡಮ್ಮ,” ಎಂದನು.

ಅನಂತರ ವರ್ಷಕ್ಕೆ ಎರಡು ಮೂರು ಸಲ ಫೋನು ಬರುತ್ತಿತ್ತು. ಮನೆಯ ಜಾಗದಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಹೊಲಿಗೆ ಮಾಡುತ್ತಿದ್ದರು. ತಮ್ಮ ಹಾಗೆ ಇರುವ ಹೆಂಗಸರು ಅಲ್ಲಿ ಊರಿಗೊಂದು ಗುಂಪು ಇದ್ದಾರೆ ಎಂದರು. “ಮದುವೆ ಮನೆಯಲ್ಲಿ ನಮ್ಮನ್ನ ಯಾವ ಸಾಲಲ್ಲಿ ಕೂರಿಸ್ಬೇಕು ಅಂತ ಯಾರಿಗೂ ಗೊತ್ತಾಗಲ್ಲ ತಂಗಚ್ಚಿ. ಅದಕ್ಕೆ ಕರೆಯೋದೇ ಇಲ್ಲ.” ಅಲ್ಲಿಯ ಕಚೇರಿಯವರು ಸತ್ತಿದ್ದಾರೆಂದು ಪ್ರಮಾಣಪತ್ರ ತೆಗೆದುಕೊಳ್ಳಿ, ಸಹಾಯ ದೊರೆಯುತ್ತದೆ ಎಂದರಂತೆ. “ಯಾವ ದಿನ ಅಂತ ಬರೀತೀರಾ ಅಂತ ಕೇಳ್ದೆ. ನೀವೇ ಒಂದು ಹೇಳಿ ಅಂದ್ರು. ಎದ್ದು ಬಂದ್ಬಿಟ್ಟೆ.” ಹಣೆಯ ಕುಂಕುಮ ತೆಗೆದಿಲ್ಲವೆಂದು ನಾನು ಕೇಳದೆಯೇ ಹೇಳಿದರು.

ಕೆಲವು ವರ್ಷಗಳ ನಂತರ ನಮ್ಮ ಯಜಮಾನರು ವರ್ಕ್‌ಶಾಪಿನಿಂದ ಬಂದು ಎದೆನೋವು ಎಂದು ಮಲಗಿದವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಊರಿಗೆ ಒಯ್ದು ಮಣ್ಣು ಮಾಡಿ ಬಂದೆವು. ಓನರ್ ಅಮ್ಮ ಹೇಗೋ ಅಕ್ಕನಿಗೆ ವಿಷಯ ಮುಟ್ಟಿಸಿದ್ದರು. ನಾನು ಲಗ್ಗೆರೆಗೆ ಹಿಂದಿರುಗಿದ ದಿನ ಅವರ ಫೋನು ಬಂದಿತು. ಅವರು ಕೇಳಿದರು.

“ಮುಖ ನೋಡಿದ್ಯಾ?”

“ನೋಡಿದೆ ಅಕ್ಕಾ.”

“ಬಾಯಿಗೆ ನೀರು ಬಿಟ್ಯಾ?”

“ಬಿಟ್ಟೆ.”

“ಕೈ ಹಿಡ್ಕೊಂಡಿದ್ಯಾ, ಹೋಗೋವಾಗ?”

“ಹಿಡ್ಕೊಂಡಿದ್ದೆ ಅಕ್ಕಾ. ಬೆಚ್ಚಗಿತ್ತು...”

ಅವರು ಬಹಳ ಪ್ರೀತಿಯಿಂದ, ಒಂದಿಷ್ಟೂ ಕೊಂಕಿಲ್ಲದೆ, “ಪುಣ್ಯ ಮಾಡಿದವಳು ನೀನು,” ಎಂದರು. ಹಿಂದೆ ನನಗೆ ಹೊಟ್ಟೆಕಿಚ್ಚು ಪಡಬಾರದೆಂದು ಹೇಳಿದ್ದವರು ಅವರೇ. ಈಗ ಗಂಡನನ್ನು ಕಳೆದುಕೊಂಡು ಬಂದ ನನ್ನ ಮೇಲೆ ಅವರೇ ಹೊಟ್ಟೆಕಿಚ್ಚು ಪಡುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತಿದ್ದೆ.

ಅದೇ ಕೊನೆಯ ಕರೆ. ಆ ಸಂಖ್ಯೆ ಈಗ ಹೋಗುವುದಿಲ್ಲ. ಅಕ್ಕ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದು ನನಗಾಗಲಿ ಓನರ್ ಅಮ್ಮನಿಗಾಗಲಿ ತಿಳಿದಿಲ್ಲ. ವಠಾರ ಒಡೆದು ಮೂರು ಅಂತಸ್ತು ಕಟ್ಟಿದ್ದಾರೆ, ನಾನು ಹಿಂದಿನ ಬೀದಿಯಲ್ಲಿ ಇದ್ದೇನೆ. ವರ್ಷಕ್ಕೊಮ್ಮೆ ನಮ್ಮ ಯಜಮಾನರ ತಿಥಿಯ ದಿನ ಎಡೆ ಇಡುತ್ತೇನೆ. ಎಡೆ ಇಡಲು ನನಗೆ ಒಂದು ದಿನ ಇದೆ. ಆ ದಿನ ಎಲೆಯ ಮುಂದೆ ಕುಳಿತಾಗ ಅವರಿಗಿಂತ ಮೊದಲು ನನ್ನ ಕಣ್ಣ ಮುಂದೆ ಬರುವುದು, ನಾನು ಎಂದೂ ಕಾಣದ ಒಬ್ಬ ಮನುಷ್ಯ, ಕಿಟಕಿಯ ಪಕ್ಕ ಕುಳಿತಿರುವುದು.

ಇಷ್ಟನ್ನು ಬರೆಯುವುದರಲ್ಲಿ ತಪ್ಪುಗಳು ಆಗಿರುವುದು ಖಂಡಿತ. ಕಂಡವರು ಸಂಕೋಚಪಡದೆ ತಿದ್ದಿಕೊಡಬೇಕಾಗಿ ವಿನಂತಿ. ಅಕ್ಕನ ಯಜಮಾನರು ಇಲ್ಲವೆಂಬಂತೆ ನಾನು ಎಲ್ಲಿಯಾದರೂ ಬರೆದಿದ್ದರೆ ಅದನ್ನೂ ತಪ್ಪೆಂದು ತಿಳಿದು ತಿದ್ದಬೇಕು. ಇದ್ದಾರೆಂಬಂತೆ ಬರೆದಿದ್ದರೆ ಅದು ತಪ್ಪೋ ಸರಿಯೋ ನನಗೆ ತಿಳಿಯದು. ಅದನ್ನು ಮಾತ್ರ ದಯವಿಟ್ಟು ಇದ್ದ ಹಾಗೆಯೇ ಬಿಡಬೇಕು.